ಪ್ರಾರ್ಥನೆಯೂ ಮನಸ್ಸಿನ ಅಳುಕೂ

(ಶತಮಾನೋತ್ಸವದ ಸಿದ್ಧತೆಗಾಗಿ ನಮ್ಮ ದೇವಾಲಯದಲ್ಲಿ ನಡೆದ ಧ್ಯಾನಕೂಟದಲ್ಲಿ ಮಾಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬುತ್ತಿರುವ ಈ ಶುಭ ಸಂದರ್ಭದಲ್ಲಿ ಪ್ರಾರ್ಥನೆಯ ಮಹಿಮೆಯನ್ನು ಕೊಂಡಾಡುವುದು ಸುಲಭ. ಆದರೆ ಆ ಮಹಿಮೆಯನ್ನು ಕೇಳಿದಷ್ಟೂ ಒಳಗೊಳಗೇ ಕುಗ್ಗಿಹೋಗುವವರು ನಮ್ಮ ನಡುವೆ ಅನೇಕರಿದ್ದಾರೆ. ರಾತ್ರಿ ಜಪಸರ ಹಿಡಿದರೆ ಎರಡನೆಯ ರಹಸ್ಯ ಮುಗಿಯುವ ಮೊದಲೇ ಕಣ್ಣೆವೆ ಮುಚ್ಚುತ್ತದೆ. ಬಲಿಪೂಜೆಯಲ್ಲಿ ಮೊಣಕಾಲೂರಿದರೂ ಮನಸ್ಸು ಸಾಲದ ಕಂತನ್ನೋ ಮಗಳ ಮದುವೆಯನ್ನೋ ಲೆಕ್ಕ ಹಾಕುತ್ತಿರುತ್ತದೆ. ಅಮ್ಮ ಬದುಕಿರುವಷ್ಟು ದಿನ ಮನೆಯಲ್ಲಿ ಸಂಜೆಯ ಜಪ ತಪ್ಪುತ್ತಿರಲಿಲ್ಲ, ಈಗ ವಾರಕ್ಕೊಮ್ಮೆಯೂ ಆಗುತ್ತಿಲ್ಲ ಎಂಬ ಕೊರಗು ಬೇರೆ. ಕಷ್ಟ ಬಂದಾಗ ಮಾತ್ರ ದೇವರನ್ನು ನೆನೆಯುತ್ತೇವಲ್ಲಾ ಎಂಬ ನಾಚಿಕೆ ಇನ್ನೊಂದು. ಇಂತಹ ಅಳುಕು ಯಾರ ಮನಸ್ಸಿನಲ್ಲಿಲ್ಲ? ಆದುದರಿಂದ ಈ ಸಂಜೆ ಪ್ರಾರ್ಥನೆಯ ಹಿರಿಮೆಯನ್ನು ಬದಿಗಿರಿಸಿ, ಪ್ರಾರ್ಥನೆಯ ವಿಷಯದಲ್ಲಿ ನಮ್ಮನ್ನು ಕಾಡುವ ಈ ಅಪರಾಧ ಪ್ರಜ್ಞೆಯನ್ನು ಕುರಿತೇ ಚಿಂತಿಸೋಣ.

ಊರಿನ ದಿನಸಿ ಅಂಗಡಿಯಲ್ಲಿ ಸಾಲ ಬೆಳೆಸಿಕೊಂಡವನ ನಡತೆಯನ್ನು ನಾವೆಲ್ಲರೂ ಬಲ್ಲೆವು. ಮೊದಲು ಅವನು ಅಂಗಡಿಯ ಮುಂದೆ ತಲೆ ತಗ್ಗಿಸಿ ನಡೆಯುತ್ತಾನೆ. ಬಾಕಿ ಏರಿದಂತೆಲ್ಲ ಆ ಬೀದಿಯನ್ನೇ ಬಿಟ್ಟು ಸುತ್ತು ಬಳಸಿ ಹೋಗುತ್ತಾನೆ. ಅಂಗಡಿಯವನಿಗೂ ಅವನಿಗೂ ಜಗಳವೇನೂ ಆಗಿರುವುದಿಲ್ಲ. ನಾಚಿಕೆಯೇ ಅವರಿಬ್ಬರ ನಡುವೆ ಗೋಡೆಯೆಬ್ಬಿಸಿರುತ್ತದೆ. ಪ್ರಾರ್ಥನೆಯಲ್ಲಿಯೂ ಇದೇ ಸಂಭವಿಸುತ್ತದೆ. ಒಂದು ದಿನ ಜಪ ತಪ್ಪಿತು. ಮರುದಿನ ಅದನ್ನೂ ಸೇರಿಸಿ ಮಾಡೋಣವೆಂದುಕೊಂಡೆವು, ಅದೂ ಆಗಲಿಲ್ಲ. ತಿಂಗಳು ಕಳೆಯಿತು. ಇಷ್ಟು ದಿನ ಮರೆತು ಈಗ ಯಾವ ಮುಖ ಹೊತ್ತು ದೇವರ ಮುಂದೆ ನಿಲ್ಲಲಿ ಎಂಬ ಪ್ರಶ್ನೆ ಹುಟ್ಟಿತು. ಕಡೆಗೆ ಪ್ರಾರ್ಥನೆಯಿಂದ ನಮ್ಮನ್ನು ದೂರವಿಟ್ಟದ್ದು ಸೋಮಾರಿತನವೂ ಅಲ್ಲ, ಅವಿಶ್ವಾಸವೂ ಅಲ್ಲ; ಪ್ರಾರ್ಥಿಸಲಿಲ್ಲವೆಂಬ ಆ ಅಳುಕೇ! ಭಕ್ತಿಯ ವೇಷ ತೊಟ್ಟು ಬರುವ ಶೋಧನೆ ಇದು.

ಹಾಗಾದರೆ ತಪ್ಪಿಗಾಗಿ ಮರುಗುವುದು ಬೇಡವೇ? ಖಂಡಿತವಾಗಿಯೂ ಬೇಕು. ಆದರೆ ಮರುಕದಲ್ಲಿ ಎರಡು ಬಗೆಯುಂಟು. ಪ್ರಭು ಯೇಸುವಿನ ಯಾತನೆಯ ರಾತ್ರಿ ಇಬ್ಬರು ಶಿಷ್ಯರು ತಪ್ಪಿ ನಡೆದರು. ಯೂದ ಇಸ್ಕರಿಯೋತನು ಗುರುವನ್ನು ಹಿಡಿದುಕೊಟ್ಟನು. ಪೇತ್ರನು ಗುರುವನ್ನು ಅರಿಯೆನೆಂದು ಮೂರು ಸಾರಿ ನುಡಿದನು. ಇಬ್ಬರೂ ಮರುಗಿದರು. ಯೂದನು ಮೂವತ್ತು ಬೆಳ್ಳಿ ನಾಣ್ಯಗಳನ್ನು ಎಸೆದು, ತನ್ನ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡನೆಂದು ಸಂತ ಮತ್ತಾಯರೇ ಬರೆದಿದ್ದಾರೆ. ಪೇತ್ರನಾದರೋ ಹೊರಗೆ ಹೋಗಿ ಕಣ್ಣೀರು ಸುರಿಸಿದನು. ಇಲ್ಲಿಯವರೆಗೆ ಇಬ್ಬರಲ್ಲಿ ಹೆಚ್ಚಿನ ಅಂತರವಿಲ್ಲ. ಆದರೆ ಯೂದನ ಕಾಲುಗಳು ಪ್ರಭುವಿನಿಂದ ದೂರ ಸಾಗಿದವು. ಪುನರುತ್ಥಾನದ ಬಳಿಕ ತಿಬೇರಿಯ ಸರೋವರದ ದಡದಲ್ಲಿ ನಿಂತಿರುವವರು ಪ್ರಭುವೇ ಎಂದು ತಿಳಿದೊಡನೆ ಪೇತ್ರನು ದೋಣಿ ದಡ ಸೇರುವವರೆಗೂ ಕಾಯದೆ ನೀರಿಗೆ ಧುಮುಕಿದನು. ಸಹೋದರರೇ, ನಮ್ಮ ಅಳುಕನ್ನು ಒರೆಗೆ ಹಚ್ಚುವ ಕಲ್ಲು ಇದೇ. ನಮ್ಮ ಪಶ್ಚಾತ್ತಾಪವು ದೇವರ ಕಡೆಗೆ ಕಾಲು ತಿರುಗಿಸುತ್ತಿದೆಯೋ, ಅದು ಪವಿತ್ರಾತ್ಮರ ಪ್ರೇರಣೆ. ದೇವರಿಂದ ಅಡಗಿಕೊಳ್ಳುವಂತೆ ಮಾಡುತ್ತಿದೆಯೋ, ಅದು ಎಷ್ಟೇ ದೀನವಾಗಿ ಮಾತನಾಡಿದರೂ ಅವರ ಧ್ವನಿಯಲ್ಲ.

ಈ ಮಾತಿಗೆ ಸಾಕ್ಷಿಯಾಗಿ ನಿಲ್ಲುವವರು ಸಾಮಾನ್ಯರಲ್ಲ. ಪ್ರಾರ್ಥನೆಯ ಮಹಾಗುರುವೆಂದು ಲೋಕವೇ ಗೌರವಿಸುವ ಆವಿಲದ ಸಂತ ತೆರೇಸಮ್ಮನವರು. 1515ರಲ್ಲಿ ಸ್ಪೇನ್ ದೇಶದಲ್ಲಿ ಜನಿಸಿದ ಅವರು 1535ರಲ್ಲಿ ಕಾರ್ಮೆಲ್ ಮಠವನ್ನು ಪ್ರವೇಶಿಸಿದರು. ಕೆಲವೇ ವರ್ಷಗಳಲ್ಲಿ ಭಯಂಕರ ರೋಗ ತಗಲಿತು. 1539ರಲ್ಲಿ ಅವರು ಸುಮಾರು ನಾಲ್ಕು ದಿನ ಪ್ರಜ್ಞೆಯಿಲ್ಲದೆ ಬಿದ್ದಿದ್ದಾಗ ಮಠದಲ್ಲಿ ಸಮಾಧಿಯನ್ನೂ ತೋಡಿ ಸಿದ್ಧಪಡಿಸಲಾಗಿತ್ತು. ಅಂತಹ ಬೇನೆಯಲ್ಲಿಯೂ ಪ್ರಾರ್ಥನೆಗೆ ಅಂಟಿಕೊಂಡಿದ್ದ ಅವರು, ಗುಣಮುಖರಾದ ಬಳಿಕ ಒಂದು ವರ್ಷಕ್ಕೂ ಮಿಕ್ಕಿ ಧ್ಯಾನ ಪ್ರಾರ್ಥನೆಯನ್ನೇ ಬಿಟ್ಟುಬಿಟ್ಟರು. ಕಾರಣವೇನು? ಅತಿಥಿಗಳೊಡನೆ ಹರಟೆಯಲ್ಲಿ ಹೊತ್ತು ಕಳೆಯುವ ತನ್ನಂಥವಳು ದೇವರೊಡನೆ ಅಷ್ಟು ಸಲಿಗೆಯಿಂದ ಮಾತನಾಡುವುದು ತರವಲ್ಲ, ಎಲ್ಲರಂತೆ ಬಾಯಿಜಪವನ್ನು ಮಾತ್ರ ಮಾಡಿಕೊಂಡಿರುವುದೇ ವಿನಯ ಎಂದು ಅವರಿಗೆ ತೋರಿತು. ತಾವೇ ಧ್ಯಾನಮಾರ್ಗಕ್ಕೆ ತಂದಿದ್ದ ತಂದೆಗೂ, ಆರೋಗ್ಯ ಸರಿಯಿಲ್ಲದ ಕಾರಣ ತಾವು ಅದನ್ನು ನಿಲ್ಲಿಸಿರುವುದಾಗಿ ಹೇಳಿದರು. ಮುಂದೆ ತಮ್ಮ ಆತ್ಮಚರಿತ್ರೆಯನ್ನು ಬರೆಯುವಾಗ ಅವರು ಆ ಕಾಲದ ಹರಟೆಗಳಿಗಿಂತಲೂ ಹೆಚ್ಚಾಗಿ ಮರುಗಿದ್ದು ಈ ಸುಳ್ಳು ವಿನಯಕ್ಕಾಗಿ. ಸೈತಾನನು ತಮಗೆ ಒಡ್ಡಿದ ಅತ್ಯಂತ ಘೋರವಾದ ಬಲೆ ಅದೇ ಎಂಬುದು ಅವರ ತೀರ್ಮಾನ.

ತಂದೆಯ ಮರಣಾನಂತರ ದೊಮಿನಿಕನ್ ಸಭೆಯ ಒಬ್ಬ ಗುರುಗಳ ಬುದ್ಧಿವಾದದಿಂದ ಅವರು ಮತ್ತೆ ಧ್ಯಾನಕ್ಕೆ ಮರಳಿದರು. ಮರಳಿದ ಕೂಡಲೇ ಸ್ವರ್ಗವೇನೂ ತೆರೆಯಲಿಲ್ಲ. ಎಷ್ಟೋ ವರ್ಷ ಪ್ರಾರ್ಥನೆಯ ಹೊತ್ತಿನಲ್ಲಿ ಅವರ ಕಿವಿ ಗಡಿಯಾರದ ಗಂಟೆಯ ಕಡೆಗೇ ಇರುತ್ತಿತ್ತಂತೆ, ಯಾವಾಗ ಮುಗಿಯುವುದೋ ಎಂದು! ಆದರೂ ಅವರು ಬಿಡಲಿಲ್ಲ. 1554ರಲ್ಲಿ ಗಾಯಗೊಂಡ ಕ್ರಿಸ್ತರ ಸ್ವರೂಪದ ಮುಂದೆ ಅವರ ಹೃದಯ ಕರಗಿತು. 1562ರಲ್ಲಿ ಅವರು ತಮ್ಮ ಮೊದಲ ಸುಧಾರಿತ ಮಠವನ್ನು ಸ್ಥಾಪಿಸಿದರು. 1970ರಲ್ಲಿ ಜಗದ್ಗುರು 6ನೆಯ ಪೌಲರು ಅವರನ್ನು ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದರು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ. ಗಡಿಯಾರ ನೋಡುತ್ತಾ ಪ್ರಾರ್ಥಿಸಿದವರೇ ಪ್ರಾರ್ಥನೆಯ ಗುರುವಾದರು ಎಂಬುದು ನಮಗೆಲ್ಲರಿಗೂ ಎಂತಹ ಸಾಂತ್ವನ!

ಇನ್ನು ಕೆಲವರ ಅಳುಕು ಬೇರೆ ತೆರನಾದುದು. ಅವರು ಪ್ರಾರ್ಥನೆಯನ್ನು ಬಿಡುವುದಿಲ್ಲ. ಸರಿಯಾಗಿ ಪ್ರಾರ್ಥಿಸಿದೆನೋ ಇಲ್ಲವೋ ಎಂದು ಒಂದೇ ಜಪವನ್ನು ಮತ್ತೆ ಮತ್ತೆ ಹೇಳುತ್ತಾರೆ. ಒಮ್ಮೆ ನಿವೇದಿಸಿದ ಪಾಪವನ್ನು ಪುನಃ ಪುನಃ ನಿವೇದಿಸುತ್ತಾರೆ. ಇಂತಹ ಶಂಕೆಗೆ ಲತೀನ್ ಭಾಷೆಯಲ್ಲಿ ‘ಸ್ಕ್ರೂಪುಲುಸ್’ ಎಂದು ಹೆಸರು. ಚೂಪಾದ ಚಿಕ್ಕ ಕಲ್ಲು ಎಂಬುದೇ ಆ ಪದದ ಅರ್ಥ. ಚಪ್ಪಲಿಯೊಳಗೆ ಸೇರಿದ ಹರಳು ಕಲ್ಲು ದಾರಿಹೋಕನನ್ನು ಕುಂಟಿಸುವಂತೆ ಇದು ಭಕ್ತನನ್ನು ಕುಂಟಿಸುತ್ತದೆ. 1522ರಲ್ಲಿ ಮನ್ರೇಸ ಎಂಬ ಊರಿನಲ್ಲಿದ್ದ ಸಂತ ಇಗ್ನಾಸಿಯವರು ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರೂ ಈ ಶಂಕೆಯಿಂದ ಬಿಡುಗಡೆ ಹೊಂದಲಿಲ್ಲ. ಪ್ರಾಣವನ್ನೇ ಕಳೆದುಕೊಳ್ಳುವ ಯೋಚನೆ ಬರುವಷ್ಟು ಅವರು ನೊಂದರು. ಕ್ಷಮಿಸಲ್ಪಟ್ಟ ಹಳೆಯ ಪಾಪಗಳನ್ನು ಇನ್ನು ಕೆದಕುವುದಿಲ್ಲವೆಂದು ನಿಶ್ಚಯಿಸಿದಾಗಲೇ ಅವರಿಗೆ ಶಾಂತಿ ಲಭಿಸಿತು. ಈ ಕಾಟವುಳ್ಳವರು ಒಬ್ಬರೇ ಗುರುಗಳ ಬಳಿ ಪಾಪನಿವೇದನೆ ಮಾಡಿ ಅವರ ಮಾತನ್ನು ನಂಬಿ ನಡೆಯುವುದು ಲೇಸು. ಕೆಲವೊಮ್ಮೆ ಇದು ಮನಸ್ಸಿನ ಕಾಯಿಲೆಯ ಲಕ್ಷಣವೂ ಆಗಿರಬಹುದು. ಆಗ ಮನೋವೈದ್ಯರನ್ನು ಕಾಣಲು ನಾಚಬೇಕಾಗಿಲ್ಲ. ಜ್ವರಕ್ಕೆ ಔಷಧ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲವಷ್ಟೆ?

ಪ್ರಿಯರೇ, ಕಟ್ಟಳೆ ಯಾವುದು, ಭಕ್ತಿ ಯಾವುದು ಎಂಬ ವಿವೇಕವೂ ನಮಗಿರಬೇಕು. ಭಾನುವಾರದ ಬಲಿಪೂಜೆ ಧರ್ಮಸಭೆಯ ಕಟ್ಟಳೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ರೋಗಿಗಳಿಗೂ, ಎಳೆಮಕ್ಕಳ ಆರೈಕೆಯಲ್ಲಿರುವವರಿಗೂ ಆ ಕಟ್ಟಳೆ ಅನ್ವಯಿಸುವುದಿಲ್ಲವೆಂದು 1992ರ ಧರ್ಮೋಪದೇಶ ಗ್ರಂಥವೇ ತಿಳಿಸುತ್ತದೆ. ತಕ್ಕ ಕಾರಣವಿದ್ದಲ್ಲಿ ವಿನಾಯಿತಿ ನೀಡುವ ಅಧಿಕಾರವನ್ನು 1983ರ ಧರ್ಮಸಭಾ ಕಾನೂನು ಧರ್ಮಕೇಂದ್ರದ ಗುರುವಿಗೆ ಕೊಟ್ಟಿದೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ಉಳಿದ ಸೊಸೆ ಪಾಪ ಮಾಡಿದವಳಲ್ಲ. ಇನ್ನು ಜಪಸರ, ನವೇನ, ಶಿಲುಬೆಯ ಹಾದಿ ಇವೆಲ್ಲವೂ ಅಮೂಲ್ಯವಾದ ಭಕ್ತಿಸಾಧನಗಳು. ಆದರೆ ಒಂದು ದಿನ ಜಪಸರ ತಪ್ಪಿದರೆ ಅದು ಪಾಪವೆಂದು ಧರ್ಮಸಭೆ ಎಲ್ಲಿಯೂ ಬೋಧಿಸಿಲ್ಲ. ಶ್ರೀಸಾಮಾನ್ಯ ಕ್ರೈಸ್ತರಿಗಾಗಿಯೇ ಭಕ್ತಿಮಾರ್ಗದ ಗ್ರಂಥ ಬರೆದ ಸಂತ ಫ್ರಾನ್ಸಿಸ್ ದ ಸಾಲ್ ಅವರು, ಕುಶಲಕರ್ಮಿಯು ಸನ್ಯಾಸಿಯಂತೆ ದಿನವಿಡೀ ದೇವಾಲಯದಲ್ಲಿ ಕುಳಿತರೆ ಅದು ಭಕ್ತಿಯೆನಿಸದೆಂದು ಎಚ್ಚರಿಸಿದರು. ಅವರವರ ಕರೆಗೆ ತಕ್ಕ ಪ್ರಾರ್ಥನೆಯೇ ದೇವರಿಗೆ ಮೆಚ್ಚು.

ನಿದ್ದೆಯ ಮಾತಿಗೆ ಬರೋಣ. ಲಿಸ್ಯೂ ಮಠದ ಸಂತ ತೆರೇಸಮ್ಮನವರು (1873-1897) ಧ್ಯಾನದ ಹೊತ್ತಿನಲ್ಲಿಯೂ ಪರಮಪ್ರಸಾದದ ನಂತರವೂ ಎಷ್ಟೋ ವರ್ಷ ತೂಕಡಿಸುತ್ತಿದ್ದರು. ಒಬ್ಬರೇ ಜಪಸರ ಹೇಳುವುದು ಅವರಿಗೆ ಬಲು ಕಷ್ಟವಾಗಿತ್ತು. ಮಲಗಿರುವ ಮಗುವೂ ಎಚ್ಚತ್ತ ಮಗುವಿನಷ್ಟೇ ತಂದೆತಾಯಿಗೆ ಪ್ರಿಯವಲ್ಲವೇ ಎಂದು ಅವರು ಸಮಾಧಾನ ತಾಳಿದರು. ಗೆತ್ಸೆಮನೆಯ ತೋಪಿನಲ್ಲಿ ಶಿಷ್ಯರು ನಿದ್ರೆಹೋದಾಗ ಪ್ರಭು ನೊಂದದ್ದು ನಿಜ. ಆದರೂ ಅವರ ಮನಸ್ಸಿನ ಸಿದ್ಧತೆಯನ್ನೂ ಶರೀರದ ಬಲಹೀನತೆಯನ್ನೂ ಅವರು ಬೇರೆ ಬೇರೆಯಾಗಿ ಕಂಡರು. ಕಡೆಗೆ ಆ ನಿದ್ದೆಗಣ್ಣಿನ ಶಿಷ್ಯರನ್ನೇ ಎಬ್ಬಿಸಿ, ತಮ್ಮೊಡನೆ ಹೊರಡುವಂತೆ ಕರೆದರು.

ಈ ಮಾತುಗಳನ್ನು ಯಾರೂ ಸೋಮಾರಿತನಕ್ಕೆ ಅಪ್ಪಣೆಯೆಂದು ತಿಳಿಯಬಾರದು. ಮೊಬೈಲಿಗೆ ಎರಡು ಗಂಟೆ ದೊರೆತು ದೇವರಿಗೆ ಎರಡು ನಿಮಿಷ ದೊರೆಯದಿದ್ದರೆ ನಮ್ಮ ಅಂತಃಸಾಕ್ಷಿ ಚುಚ್ಚಲೇಬೇಕು. ಆ ಚುಚ್ಚು ಕೃಪೆಯೇ ಸರಿ. ಆದರೆ ಚುಚ್ಚಿದೊಡನೆ ಏಳಬೇಕೇ ಹೊರತು ಗಾಯವನ್ನು ನೋಡುತ್ತಾ ಕೂರಬಾರದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಬಿಟ್ಟುಹೋದ ಪ್ರಾರ್ಥನೆಯ ಬಾಕಿ ತೀರಿಸಲು ಹೊರಡಬೇಡಿ. ದೂರದ ದೇಶದಿಂದ ಮರಳಿದ ಮಗನು ಕೂಲಿಯಾಳಾಗಿ ಇರುವೆನೆಂದು ಹೇಳಲು ಮಾತು ಸಿದ್ಧಪಡಿಸಿಕೊಂಡಿದ್ದನು. ತಂದೆ ಅದನ್ನು ಪೂರ್ತಿಯಾಗಿ ಹೇಳಲೂ ಬಿಡಲಿಲ್ಲ, ಲೆಕ್ಕವನ್ನೂ ಕೇಳಲಿಲ್ಲ. ಇಂದಿನ ಪ್ರಾರ್ಥನೆಯನ್ನು ಇಂದು ಮಾಡಿದರೆ ಸಾಕು. ಎರಡನೆಯದಾಗಿ, ಕೈಲಾಗುವಷ್ಟನ್ನೇ ಗೊತ್ತುಮಾಡಿಕೊಳ್ಳಿ. ಐವತ್ಮೂರು ‘ನಮೋ ಮರಿಯಾ’ ಆಗದಿದ್ದರೆ ಹತ್ತು ಆಗಲಿ. ಅದೂ ಆಗದಿದ್ದರೆ ಒಲೆ ಹಚ್ಚುವಾಗ, ಬಸ್ಸಿಗೆ ಕಾಯುವಾಗ ಶಿಲುಬೆಯ ಗುರುತು ಮಾಡಿ ಯೇಸುವಿನ ನಾಮವನ್ನು ಸ್ಮರಿಸಿರಿ. ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಅಡುಗೆಯವರಾಗಿದ್ದು 1691ರಲ್ಲಿ ನಿಧನರಾದ ಸಹೋದರ ಲಾರೆನ್ಸ್ ಎಂಬವರು ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸಾನ್ನಿಧ್ಯದಲ್ಲಿ ಬಾಳಿದರು. ಮೂರನೆಯದಾಗಿ, ಮನಸ್ಸು ಅಲೆದಾಗ ಅದನ್ನು ಬೈಯುತ್ತಾ ಬೆನ್ನಟ್ಟಬೇಡಿ. ಬೈಗುಳವೂ ಇನ್ನೊಂದು ಅಲೆದಾಟವೇ. ಅಂಗಳ ದಾಟಿದ ಕರುವನ್ನು ಹಿಂದಕ್ಕೆ ಕರೆತರುವಂತೆ ಮೆಲ್ಲನೆ ಕರೆತನ್ನಿ. ಹತ್ತು ಸಾರಿ ಅಲೆದು ಹತ್ತು ಸಾರಿ ಮರಳಿದ ಮನಸ್ಸು ಹತ್ತು ಸಾರಿ ದೇವರನ್ನು ಆರಿಸಿಕೊಂಡಿದೆ.

ನಾಲ್ಕನೆಯದಾಗಿ, ನಾವು ಒಂಟಿಯಾಗಿ ಪ್ರಾರ್ಥಿಸುತ್ತಿಲ್ಲವೆಂಬುದನ್ನು ಮರೆಯಬಾರದು. ಪ್ರಭು ಕಲಿಸಿದ ಜಪದಲ್ಲಿ ‘ನನ್ನ’ ಎಂಬ ಪದವೇ ಇಲ್ಲ. ಎಲ್ಲವೂ ‘ನಮ್ಮ’ ಎಂದೇ ಇದೆ. ಒಬ್ಬನ ಬಾಯಿ ಒಣಗಿದ ದಿನ ಇನ್ನೊಬ್ಬನ ನಾಲಿಗೆ ಅವನಿಗಾಗಿಯೂ ಆ ಜಪವನ್ನು ಉಚ್ಚರಿಸುತ್ತಿರುತ್ತದೆ. ನಮಗೆ ಮಾತೇ ತೋಚದಾಗ ಪವಿತ್ರಾತ್ಮರೇ ನಮ್ಮ ಪರವಾಗಿ ನಿಟ್ಟುಸಿರಿಡುತ್ತಾರೆಂದು ಸಂತ ಪೌಲರು ರೋಮಿನವರಿಗೆ ಬರೆದ ಪತ್ರದಲ್ಲಿ ಬೋಧಿಸಿದ್ದಾರೆ.

ಈ ದೇವಾಲಯದಲ್ಲಿ ನೂರು ವರ್ಷಗಳಿಂದ ಮೊಣಕಾಲೂರಿದ ನಮ್ಮ ಹಿರಿಯರೆಲ್ಲರೂ ಏಕಾಗ್ರಚಿತ್ತರಾಗಿದ್ದರೆಂದು ಭಾವಿಸಬೇಡಿ. ಅವರಲ್ಲಿಯೂ ಹೊಲದ ಚಿಂತೆ ಹೊತ್ತು ಬಂದವರಿದ್ದರು, ಅಳುವ ಕೂಸನ್ನು ಹೊರಗೆ ಎತ್ತಿಕೊಂಡು ಹೋಗಿ ಅರ್ಧ ಪೂಜೆಯನ್ನಷ್ಟೇ ಕಂಡ ತಾಯಂದಿರಿದ್ದರು, ಪ್ರಬೋಧನೆಯ ಹೊತ್ತಿಗೆ ಕಂಬಕ್ಕೊರಗಿ ಕಣ್ಣು ಮುಚ್ಚಿದವರೂ ಇದ್ದರು. ಆದರೂ ಅವರು ಬಂದರು, ಮತ್ತೆ ಬಂದರು. ಶುಭಸಂದೇಶದ ಸುಂಕದವನು ದೂರದಲ್ಲಿ ನಿಂತು ತಲೆಯೆತ್ತಲೂ ಅಂಜಿದನು. ಆದರೆ ಮನೆಯಲ್ಲಿ ಉಳಿಯಲಿಲ್ಲ, ದೇವಾಲಯಕ್ಕೆ ಬಂದನು. ದೇವರ ಮೆಚ್ಚಿಗೆ ಪಡೆದು ಮನೆಗೆ ಮರಳಿದವನು ಅವನೇ. ಬಹುಕಾಲದಿಂದ ಈ ಹೊಸ್ತಿಲು ತುಳಿಯದವರು ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇದ್ದರೆ ಅವರಿಗೆ ಈ ಮಾತನ್ನು ತಲುಪಿಸಿರಿ: ಕಾರಣ ಹೇಳಬೇಕಾಗಿಲ್ಲ, ಬಾಕಿ ತೀರಿಸಬೇಕಾಗಿಲ್ಲ; ಹಿಂದಿನ ಸಾಲಿನಲ್ಲಾದರೂ ಸರಿ, ಬಂದು ನಿಲ್ಲಲಿ.

ನಮ್ಮ ಹೃದಯವೇ ನಮ್ಮನ್ನು ದೋಷಿಗಳೆಂದು ನಿರ್ಣಯಿಸಿದರೂ ಅದಕ್ಕಿಂತ ದೊಡ್ಡವರಾದ ಸರ್ವೇಶ್ವರನ ಕರುಣೆ ನಮ್ಮೆಲ್ಲರ ಮೇಲಿರಲಿ. ಪ್ರಾರ್ಥಿಸಲು ಅಂಜುವವರಿಗಾಗಿ ಮಾತೆ ಮರಿಯಮ್ಮನವರು ಪ್ರಾರ್ಥಿಸಲಿ. ಆಮೆನ್.