ನಿಮ್ಮ ಜೋಕಿಗೆ ಹೂಂಗುಟ್ಟುವವರು ಯಾರು?

ನಾನು ಹಾಸನದವನು. 11 ವರ್ಷದಿಂದ ಪುಣೆಯಲ್ಲಿದ್ದೀನಿ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಇವತ್ತು ಮಾತಾಡೋದು ನಗುವಿನ ಬಗ್ಗೆ. ಚೀನಾದವರು ಯಾವುದಕ್ಕೆ ನಗ್ತಾರೆ, ಅಮೆರಿಕದವರು ಯಾವುದಕ್ಕೆ ನಗ್ತಾರೆ, ಇವೆರಡನ್ನೂ ತಪ್ಪಾಗಿ ತಿಳ್ಕೊಂಡು ನಾನು ಏನು ಎಡವಟ್ಟು ಮಾಡಿದೆ ಅನ್ನೋದನ್ನ ಹೇಳ್ತೀನಿ.

ಮೊದಲು ಎಡವಟ್ಟು. ನಮ್ಮ ಪ್ರಾಜೆಕ್ಟಿನಲ್ಲಿ ಮೂರು ಊರಿನವರಿದ್ವಿ: ಪುಣೆ, ಅಮೆರಿಕದ ಸಿಯಾಟಲ್, ಚೀನಾದ ಶೆನ್‌ಝೆನ್. ಕಾಲ್ ನಮಗೆ ರಾತ್ರಿ 8.30ಕ್ಕೆ. ಸಿಯಾಟಲ್‌ನಲ್ಲಿ ಆಗ ಬೆಳಿಗ್ಗೆ 8, ಶೆನ್‌ಝೆನ್‌ನಲ್ಲಿ ರಾತ್ರಿ 11. ಅಮೆರಿಕದ ಮ್ಯಾನೇಜರ್ ಪ್ರತಿ ಕಾಲನ್ನೂ ಜೋಕಿನಿಂದಲೇ ಶುರು ಮಾಡೋರು. ನನಗೂ ಆಸೆ. ದಿನಾ ಸ್ಟ್ಯಾಂಡ್‌ಅಪ್ ವಿಡಿಯೋ ನೋಡಿ ನೋಡಿ, ನಾನೂ ಅವರ ಥರಾನೇ ಅಂತ ತೋರಿಸಿಕೊಳ್ಳೋ ಹುಚ್ಚು.

ಒಂದು ಡೆಮೋ ದಿನ ಶೆನ್‌ಝೆನ್‌ನ ಸಹೋದ್ಯೋಗಿಯೊಬ್ಬರ ಸರ್ವರ್ ನಿಂತುಹೋಯ್ತು. ನಾನು ಥಟ್ಟನೆ, "ಪರವಾಗಿಲ್ಲ, ಸರ್ವರ್ ಕೂಡ ಅವರ ಜೊತೆಗೇ ನಿದ್ದೆ ಮಾಡ್ತಿದೆ" ಅಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ನನಗೆ ದಿನವಿಡೀ ಖುಷಿ.

ಆಮೇಲೆ ಅವರು ಕಾಲ್‌ನಲ್ಲಿ ಬಾಯಿ ಬಿಡೋದನ್ನೇ ನಿಲ್ಲಿಸಿದ್ರು. ಎಲ್ಲಾ ಇಮೇಲ್‌ನಲ್ಲೇ. ಒಂದು ಉದ್ದದ ಮೇಲ್‌ನ ಕೊನೆಗೆ, ಬಿಲ್ಲಿನ ಮೊತ್ತ ರೌಂಡ್ ಆಗೋದ್ರಲ್ಲಿ ತಪ್ಪಿದೆ ಅಂತ ಒಂದು ಸಾಲು ಬರೆದಿದ್ರು. ನಾನು ಓದಲಿಲ್ಲ. ರಿಲೀಸ್ ಆಗಿ ಎರಡೇ ದಿನಕ್ಕೆ ಎಲ್ಲಾ ವಾಪಸ್ ತೆಗೀಬೇಕಾಯ್ತು. ಎರಡು ರಾತ್ರಿ ಟೀಮಿನಲ್ಲಿ ಯಾರಿಗೂ ನಿದ್ದೆ ಇಲ್ಲ. "ಕಾಲ್‌ನಲ್ಲೇ ಹೇಳೋಕೆ ಏನಾಗಿತ್ತು ಇವರಿಗೆ?" ಅಂತ ನಾನು ಕೂಗಾಡಿದ್ದೇ ಕೂಗಾಡಿದ್ದು.

2019ರಲ್ಲಿ ಎರಡು ವಾರ ಶೆನ್‌ಝೆನ್‌ಗೆ ಹೋಗಿದ್ದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಅವರನ್ನೇ ಕೇಳಿಬಿಟ್ಟೆ. "ಬಾಯಿ ಬಿಟ್ಟರೆ ನೀವು ಮತ್ತೆ ಎಲ್ಲರ ಮುಂದೆ ನಗಿಸ್ತೀರ ಅಂತ ಭಯ ಆಗ್ತಿತ್ತು" ಅಂದ್ರು. ಆವತ್ತು ನಕ್ಕಿದ್ದು ಯಾಕೆ ಅಂದೆ. "ನಗದಿದ್ರೆ ಎಲ್ಲರಿಗೂ ಮುಜುಗರ ಆಗ್ತಿತ್ತಲ್ಲ?"

ಚೀನೀ ಭಾಷೆಯಲ್ಲಿ 'ಮಿಯೆನ್‌ಝ' ಅನ್ನೋ ಮಾತಿದೆ. ಮುಖ ಅಂತಲೂ ಅರ್ಥ, ಮರ್ಯಾದೆ ಅಂತಲೂ ಅರ್ಥ. ನಾವು 'ಮುಖಭಂಗ' ಅಂತೀವಲ್ಲ, ಅದೇ ಮುಖ. ಪದ ನಮ್ಮ ಬಾಯಲ್ಲೇ ಇತ್ತು, ನನಗೆ ಹೊಳೀಲಿಲ್ಲ ಅಷ್ಟೆ.

ಹಾಗಾದ್ರೆ ಚೀನಾದವರು ಯಾರನ್ನೂ ಗೇಲಿ ಮಾಡೋದಿಲ್ವಾ? ನಾನೂ ಹಾಗೇ ಅಂದ್ಕೊಂಡೆ. ಆವಾಗ ಅವರು ಫೋನ್ ತೆಗೆದು ಒಂದು ವಿಡಿಯೋ ತೋರಿಸಿ, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಅದು 'ಶಿಯಾಂಗ್‌ಶೆಂಗ್'. ಚಿಂಗ್ ರಾಜವಂಶದ ಕೊನೆಗಾಲದಲ್ಲಿ ಬೀಜಿಂಗ್, ತಿಯಾಂಜಿನ್ ಕಡೆಯ ಬೀದಿಗಳಲ್ಲಿ, ಟೀ ಅಂಗಡಿಗಳಲ್ಲಿ ಬೆಳೆದ ಮಾತಿನ ಕಲೆ. ಸಾಮಾನ್ಯವಾಗಿ ಇಬ್ಬರು ನಿಂತು ಮಾತಾಡ್ತಾರೆ. ನಗಿಸುವವನು 'ದೋಗೆನ್'. ಪಕ್ಕದವನು 'ಪೆಂಗ್‌ಗೆನ್'. ಅದರಲ್ಲಿ 'ಪೆಂಗ್' ಅಂದ್ರೆ ಬೊಗಸೆಯಲ್ಲಿ ಎತ್ತಿ ಹಿಡಿಯೋದು. ಎದುರಿನವನ ಮಾತನ್ನ ಬೊಗಸೆಯೊಡ್ಡಿ ಹಿಡಿಯೋದೇ ಅವನ ಕೆಲಸ. "ಹೌದಾ?", "ಆಮೇಲೆ?", "ಅದು ಹೇಗಾಗತ್ತೆ?" ಅಂತಿರ್ತಾನೆ.

ನಮ್ಮಜ್ಜಿ ಕಥೆ ಹೇಳುವಾಗ "ಹೂಂ ಅನ್ನಿ, ಇಲ್ಲಾಂದ್ರೆ ನಾನು ಹೇಳಲ್ಲ" ಅಂತಿದ್ರು. ಪೆಂಗ್‌ಗೆನ್ ಅಂದ್ರೆ ವೇದಿಕೆ ಮೇಲೆ ಹೂಂಗುಟ್ಟುವವನು.

ಈಗಿನ ದೊಡ್ಡ ಜೋಡಿ ಗುವೊ ದೆಗಾಂಗ್ ಮತ್ತು ಯು ಛಿಯೆನ್. ಗುವೊ ನಗಿಸುವವನು, ಯು ಹೂಂಗುಟ್ಟುವವನು. ಗುವೊ ವರ್ಷಗಟ್ಟಲೆ ಯು ಛಿಯೆನ್ ಅವರ ಅಪ್ಪನನ್ನ, ಮನೆಯವರನ್ನ ಆಡಿಕೊಳ್ತಾನೇ ಇದ್ದಾರೆ. ಅಪ್ಪನನ್ನ! ಹಾಗಾದ್ರೆ ಮುಖ ಎಲ್ಲಿಗೆ ಹೋಯ್ತು ಅಂದೆ. ಅವರು ಹೇಳಿದ್ದು ಇಷ್ಟೇ: "ಅವನು ಒಪ್ಪಿಕೊಂಡು ಪಕ್ಕದಲ್ಲೇ ನಿಂತಿದ್ದಾನೆ. ಬೇಕಾದ್ರೆ ತಿರುಗಿ ಹೇಳಬಹುದು. ನನ್ನನ್ನ ನೀವು ಕೇಳಿದ್ರಾ?"

ಇಲ್ಲ. ಕೇಳಿರಲಿಲ್ಲ.

ಸರಿ, ಅಮೆರಿಕದ ಹಾಸ್ಯವನ್ನಾದ್ರೂ ಸರಿಯಾಗಿ ಕಲಿತಿದ್ನಾ? ಅದೂ ಇಲ್ಲ. ಜೋ ವಾಂಗ್ ಅಂತ ಒಬ್ಬರಿದ್ದಾರೆ. ಚೀನಾದಲ್ಲಿ ಹುಟ್ಟಿ, ಅಮೆರಿಕಕ್ಕೆ ಓದೋಕೆ ಹೋಗಿ, ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಿ, ಆಮೇಲೆ ಸ್ಟ್ಯಾಂಡ್‌ಅಪ್ ಹಿಡಿದವರು. 2010ರಲ್ಲಿ ವಾಷಿಂಗ್ಟನ್‌ನಲ್ಲಿ ರೇಡಿಯೋ, ಟಿವಿ ಪತ್ರಕರ್ತರ ವಾರ್ಷಿಕ ಔತಣ. ಉಪಾಧ್ಯಕ್ಷ ಜೋ ಬೈಡನ್ ಅಲ್ಲೇ ಕೂತಿದ್ದಾರೆ. ವಾಂಗ್ ಅವರ ಎದುರಿಗೇ, ನಿಮ್ಮ ಆತ್ಮಕಥೆ ಓದಿದ್ದೆ, ಈಗ ನಿಮ್ಮನ್ನೂ ನೋಡಿದೆ, ಪುಸ್ತಕವೇ ವಾಸಿ ಅನ್ನೋ ಅರ್ಥದ ಮಾತು ಹೇಳಿದ್ರು. ಸಭೆಯಲ್ಲಿ ಜೋರು ನಗು. ಮಿಕ್ಕಿದ್ದರಲ್ಲಿ ಬಹುಪಾಲು ತಮ್ಮನ್ನೇ ತಾವು ಗೇಲಿ ಮಾಡಿಕೊಂಡಿದ್ದು: ವಲಸೆ ಬಂದವನ ಪಾಡು, ತನ್ನ ಇಂಗ್ಲಿಷು.

ಗಮನಿಸಿ, ಆ ರೂಮಿನಲ್ಲಿ ಅವರು ಆರಿಸಿಕೊಂಡದ್ದು ಇಬ್ಬರನ್ನ. ಒಬ್ಬರು ಎಲ್ಲರಿಗಿಂತ ದೊಡ್ಡ ಕುರ್ಚಿಯವರು, ಇನ್ನೊಬ್ಬರು ಸ್ವತಃ ತಾನು. ನಮ್ಮ ಮ್ಯಾನೇಜರ್ ಕೂಡ ಹಾಗೇ. ನೆನಪು ಮಾಡಿಕೊಂಡ್ರೆ, ಅವರ ಜೋಕೆಲ್ಲ ತನ್ನ ಮೇಲೆ, ಇಲ್ಲಾಂದ್ರೆ ತನ್ನ ಬಾಸ್ ಮೇಲೆ. ನಾನು ಆರಿಸಿಕೊಂಡದ್ದು ರಾತ್ರಿ 11ಕ್ಕೆ, ತನ್ನದಲ್ಲದ ಭಾಷೆಯಲ್ಲಿ, ಕೆಟ್ಟು ನಿಂತ ಸರ್ವರ್ ಜೊತೆ ಒದ್ದಾಡ್ತಿದ್ದವರನ್ನ.

ಚೀನಾ ಅಂದ್ರೆ ಜೋಡಿ, ಅಮೆರಿಕ ಅಂದ್ರೆ ಒಂಟಿ ಅಂತ ಗೆರೆ ಎಳೆಯೋಕೂ ಆಗಲ್ಲ. ಅಮೆರಿಕದಲ್ಲಿ ಆಬಟ್ ಮತ್ತು ಕಾಸ್ಟೆಲೊ ಅಂತ ಹೆಸರಾಂತ ಜೋಡಿ ಇತ್ತು. ಬೇಸ್‌ಬಾಲ್ ಆಟಗಾರನ ಹೆಸರೇ 'ಹೂ'. 'ಹೂ' ಅಂದ್ರೆ ಇಂಗ್ಲಿಷ್‌ನಲ್ಲಿ 'ಯಾರು'. ಅಷ್ಟರ ಮೇಲೇ ನಿಮಿಷಗಟ್ಟಲೆ ಜಗಳ. ಅದು 1945ರ ಸಿನಿಮಾದಲ್ಲೂ ಇದೆ, ನೋಡಿ. ಆ ಕಡೆ ಚೀನಾದಲ್ಲಿ ಈಗ ಒಬ್ಬರೇ ನಿಂತು ಮಾಡೋ ಸ್ಟ್ಯಾಂಡ್‌ಅಪ್‌ಗೆ ದೊಡ್ಡ ಮಾರುಕಟ್ಟೆ ಇದೆ. ಹಾಸ್ಯಕ್ಕೆ ಚೀನಿಯರು ಇವತ್ತು ಬಳಸೋ 'ಯೋಮೋ' ಅನ್ನೋ ಪದವೇ ಇಂಗ್ಲಿಷ್‌ನ 'ಹ್ಯೂಮರ್'. ಲೇಖಕ ಲಿನ್ ಯುಟಾಂಗ್ 1924ರಲ್ಲಿ ಅದನ್ನ ಚಾಲ್ತಿಗೆ ತಂದರು. ಪದ ಹೊಸದು, ನಗು ಹಳೇದೇ.

ಗಡಿಗಳಂತೂ ಎರಡೂ ಕಡೆ ಇವೆ. 1964ರಲ್ಲಿ ನ್ಯೂಯಾರ್ಕ್‌ನ ಕೋರ್ಟು ಲೆನಿ ಬ್ರೂಸ್ ಅನ್ನೋ ಹಾಸ್ಯಗಾರನಿಗೆ ಅಶ್ಲೀಲತೆಗಾಗಿ ಶಿಕ್ಷೆ ಕೊಟ್ಟಿತು. ಕ್ಷಮಾದಾನ ಸಿಕ್ಕಿದ್ದು 2003ರಲ್ಲಿ, ಅವನು ಸತ್ತು 37 ವರ್ಷ ಆದ ಮೇಲೆ. 2023ರಲ್ಲಿ ಚೀನಾದ ಹಾಸ್ಯಗಾರನೊಬ್ಬ ಬೀದಿನಾಯಿಗಳ ಜೋಕಿನಲ್ಲಿ ಸೇನೆಯ ಘೋಷಣೆಯ ಮಾತು ಬಳಸಿದ ಅಂತ, ಅವನ ಕಂಪನಿ ದಂಡ, ಮುಟ್ಟುಗೋಲು ಸೇರಿ ಸುಮಾರು 1.47 ಕೋಟಿ ಯುವಾನ್ ಕಳ್ಕೊಳ್ತು. ಅಮೆರಿಕದಲ್ಲಿ ಆ ಗಡಿ ಬಹಳ ದೂರ ಸರಿದಿದೆ, ಚೀನಾದಲ್ಲಿ ಹತ್ತಿರದಲ್ಲೇ ಇದೆ. ಈ ವ್ಯತ್ಯಾಸ ಸಣ್ಣದೇನಲ್ಲ. ಆದರೆ ನನ್ನ ತಪ್ಪಿಗೂ ಸರ್ಕಾರಕ್ಕೂ ಸಂಬಂಧ ಇರಲಿಲ್ಲ.

ಆ ರಾತ್ರಿ ನಾನು ಕ್ಷಮೆ ಕೇಳಿದೆ. ಅವರು ನನಗೊಂದು 'ಶಿಯೇಹೋಯು' ಕಲಿಸಿದ್ರು. ಅಂದ್ರೆ ಎರಡು ತುಂಡಿನ ಮಾತು. ಮೊದಲ ತುಂಡನ್ನ ಒಬ್ಬರು ಹೇಳ್ತಾರೆ, ಎರಡನೇದು ಕೇಳುವವರ ತಲೆಯಲ್ಲೇ ಹೊಳೀಬೇಕು. "ಸೋದರಳಿಯ ಲಾಟೀನು ಹಿಡಿದ." ಮುಂದೆ? 'ಜಾವೊ ಜ್ಯೂ', ಅಂದ್ರೆ ಸೋದರಮಾವನಿಗೆ ಬೆಳಕು ತೋರಿಸಿದ. ಅದೇ ಉಚ್ಚಾರಣೆಗೆ 'ಎಲ್ಲಾ ಮೊದಲಿನ ಹಾಗೇ' ಅಂತ ಇನ್ನೊಂದು ಅರ್ಥ. ಇಂಗ್ಲಿಷ್‌ನಲ್ಲಿ ಹೇಳೋಕೆ ಹೋದ್ರೆ ಯಾವ ಅಂಕಲ್, ಯಾವ ನೆಫ್ಯೂ ಅಂತ ಮೊದಲು ಪಾಠ ಮಾಡಬೇಕು. ಕನ್ನಡದವನಿಗೆ ಸೋದರಮಾವ, ಸೋದರಳಿಯ ಅಂದ್ರೆ ಸಾಕು.

ಈಗ ಬಗ್ ಸರಿಹೋಯ್ತಾ ಅಂತ ನಾನು ಚಾಟ್‌ನಲ್ಲಿ ಕೇಳಿದ್ರೆ, ಆಗಿಲ್ಲಾಂದ್ರೆ ಅವರು ಒಂದು ಲಾಟೀನಿನ ಚಿತ್ರ ಹಾಕ್ತಾರೆ. ಮಿಕ್ಕಿದ್ದನ್ನ ನಾನು ತುಂಬಿಕೊಳ್ತೀನಿ. ಕಾಲ್‌ನಲ್ಲೂ ಮಾತಾಡ್ತಾರೆ. ಹೋದ ತಿಂಗಳು ಎಲ್ಲರ ಮುಂದೆ ನನ್ನ ಕೋಡ್ ಬಗ್ಗೆ ಒಂದು ಜೋಕ್ ಹೊಡೆದ್ರು. ನಾನು "ಹೌದಾ? ಆಮೇಲೆ?" ಅಂದೆ.

ನಮ್ಮಲ್ಲಿ ಬಹಳ ಜನ ದಿನಾ ಇಂಥ ಕಾಲ್‌ಗಳಲ್ಲಿ ಕೂತಿರ್ತೀವಿ. ಜೋಕ್ ಬಾಯಿಗೆ ಬಂದಾಗ ಒಂದು ಕ್ಷಣ ನೋಡಿ: ನೀವು ಗೇಲಿ ಮಾಡ್ತಿರೋರು ನಿಮ್ಮ ಪಕ್ಕದಲ್ಲಿ ನಿಂತಿದ್ದಾರಾ, ಅವರಿಗೆ ತಿರುಗಿ ಹೇಳೋ ಧೈರ್ಯ ಇದೆಯಾ? ಇಲ್ಲಾಂದ್ರೆ ನಿಮ್ಮನ್ನೇ ಗೇಲಿ ಮಾಡ್ಕೊಳ್ಳಿ, ಸರಕು ಬೇಕಾದಷ್ಟಿರತ್ತೆ.