ಸ್ವಯಂಸೇವಕನಿಗೆ ಎಂಥ ರೇಡಿಯೋ?

ಹೋದ ಬೇಸಗೆಯಲ್ಲಿ ಸುರಪುರದ ನಮ್ಮ ಓಣಿಯ ಹುಡುಗನೊಬ್ಬ ಸಂಜೆ ಹೊತ್ತಿನಲ್ಲಿ ಮನೆಗೆ ಬಂದ. ಗೃಹರಕ್ಷಕ ದಳಕ್ಕೆ ಸೇರಿದ್ದಾನೆ. ಎಲ್ಲಿ ಬೆಂಕಿ ಬಿದ್ದರೂ, ಎಲ್ಲಿ ಹೊಳೆ ಏರಿದರೂ ಯಾರೂ ಕರೆಯದೆ ಓಡುವ ಸ್ವಭಾವ ಅವನದು. ಕೈಯಲ್ಲೊಂದು ಚಿತ್ರ ಹಿಡಿದಿದ್ದ.

“ಕಾಕಾ, ಇದಕ್ಕ ಸ್ಕ್ಯಾನರ್ ಅಂತಾರ. ಇದನ್ನ ತಗೊಂಡ್ರ ಅಗ್ನಿಶಾಮಕದವರ ಮಾತೆಲ್ಲಾ ಮನ್ಯಾಗ ಕುಂತೇ ಕೇಳಬಹುದಂತ್ರಿ. ನಾಲ್ಕು ಸಾವಿರ ಕೂಡಿಸೀನಿ. ಯಾವುದು ತಗೊಳ್ಳಲಿ?”

ನಾಲ್ವತ್ತು ವರ್ಷ ರೇಡಿಯೋ ರಿಪೇರಿ ಮಾಡಿಕೊಂಡು ಬಂದವನು ನಾನು. ಹುಡುಗರು ಹಣ ಹಿಡಿದುಕೊಂಡು ಬಂದಾಗ ಸಲಹೆ ಕೊಡುವುದು ಸುಲಭ. ‘ಬೇಡ’ ಎನ್ನುವುದು ಕಷ್ಟ. ಅಂದು ಅವನಿಗೆ ಹೇಳಿದ್ದನ್ನೇ ಇಂದು ನಿಮ್ಮ ಮುಂದೆಯೂ ಇಡುತ್ತೇನೆ.

ನಿಮ್ಮ ಮನೆಯ ರೇಡಿಯೋದ ಮುಳ್ಳನ್ನು ಒಂದು ನಿಲಯದ ಕಂಪನಾಂಕಕ್ಕೆ ತಂದಿರಿಸಿದರೆ ಅದು ಅಲ್ಲಿಯೇ ನಿಲ್ಲುತ್ತದಷ್ಟೆ. ಸ್ಕ್ಯಾನರ್ ಹಾಗೆ ನಿಲ್ಲುವ ಯಂತ್ರವಲ್ಲ. ನೂರಾರು ಕಂಪನಾಂಕಗಳ ಬಾಗಿಲನ್ನು ಒಂದರ ಹಿಂದೆ ಒಂದರಂತೆ ತಟ್ಟುತ್ತ ಹೋಗಿ, ಎಲ್ಲಿ ದನಿ ಸಿಕ್ಕಿತೋ ಅಲ್ಲಿ ನಿಂತು ಕೇಳಿಸುತ್ತದೆ. ದನಿ ನಿಂತೊಡನೆ ಮುಂದಕ್ಕೆ ಹೊರಡುತ್ತದೆ. ಅಮೆರಿಕದ ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವವರಲ್ಲಿ ಬಹುಪಾಲು ಜನ ಸಂಬಳವಿಲ್ಲದ ಸ್ವಯಂಸೇವಕರು. ಠಾಣೆಯಿಂದ ಹೊರಟ ಕರೆಯನ್ನು ಅವರು ಹೊಲದಲ್ಲಿಯೋ ಅಂಗಡಿಯಲ್ಲಿಯೋ ಇದ್ದುಕೊಂಡೇ ಇಂಥ ಪೆಟ್ಟಿಗೆಯಲ್ಲಿ ಕೇಳಿ ಓಡುವುದುಂಟು. ಅಲ್ಲಿಯೂ ಈಗ ತೊಡಕು ಬಂದಿದೆ. ಹಲವು ಊರುಗಳ ದಳಗಳು ಮಾತನ್ನು ಅಂಕಿಗಳಾಗಿ ಮಾಡಿ ಕಳಿಸುವ ಡಿಜಿಟಲ್ ಪದ್ಧತಿಗೆ ಹೋಗಿರುವುದರಿಂದ, ಅಗ್ಗವೆಂದು ಕೊಂಡ ಹಳೆಯ ಬಗೆಯ ಸ್ಕ್ಯಾನರು ಬರಿದೆ ಗೊರಗೊರ ಎನ್ನುತ್ತ ಕೂಡುತ್ತದೆ. ಗಾಳಿಯಲ್ಲಿ ಏನು ಹರಿಯುತ್ತಿದೆ ಎಂದು ತಿಳಿಯದೆ ಪೆಟ್ಟಿಗೆ ಕೊಂಡರೆ ಯಾವ ದೇಶದಲ್ಲಿಯೂ ಹಣ ದಂಡವೇ.

ನಮ್ಮಲ್ಲಿ ಅದಕ್ಕಿಂತ ದೊಡ್ಡ ಅಡ್ಡಿಯಿದೆ. ಪ್ರಸಾರ ನಿಲಯಗಳ ಮಾತು ಎಲ್ಲರಿಗಾಗಿ; ಪೊಲೀಸರ, ಅಗ್ನಿಶಾಮಕ ದಳದ ನಿಸ್ತಂತು ಮಾತು ಹಾಗಲ್ಲ. ಪರವಾನಗಿಯಿಲ್ಲದೆ ನಿಸ್ತಂತು ಯಂತ್ರ ಇಟ್ಟುಕೊಳ್ಳಬಾರದೆಂಬುದು ೧೯೩೩ರ ಕಾಯ್ದೆಯ ಕಾಲದಿಂದ ಬಂದ ಕಟ್ಟು. ೨೦೨೩ರ ದೂರಸಂಪರ್ಕ ಕಾಯ್ದೆಯಂತೆ, ಇನ್ನೊಬ್ಬರ ಸಂದೇಶವನ್ನು ಅಕ್ರಮವಾಗಿ ನಡುವೆ ಹಿಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಕಂಪ್ಯೂಟರಿಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ಗಾತ್ರದ ಗ್ರಾಹಕಗಳು ಈಗ ಬಂದಿವೆ. ಗಾತ್ರ ಚಿಕ್ಕದಾದ ಮಾತ್ರಕ್ಕೆ ಕಾಯ್ದೆ ಚಿಕ್ಕದಾಗುವುದಿಲ್ಲ. ಒಳ್ಳೆಯ ಕೆಲಸಕ್ಕೆಂದು ಹೊರಟ ಹುಡುಗ ಕಟಕಟೆಯಲ್ಲಿ ನಿಲ್ಲಬೇಕೆ?

“ಹಾಂಗಾದ್ರ ಬೆಂಕಿ ಬಿದ್ದದ್ದು ನಮಗ ಗೊತ್ತಾಗೋದು ಹ್ಯಾಂಗ್ರಿ?” ಎಂದ.

ಅದಕ್ಕೆ ನನ್ನದೇ ತಪ್ಪಿನ ಕತೆಯನ್ನು ಹೇಳಬೇಕಾಯಿತು. ಕೆಲವು ವರ್ಷಗಳ ಹಿಂದೆ ಒಂದು ಮಾರ್ಚ್ ತಿಂಗಳ ರಾತ್ರಿ ಬೀಗರ ಊರಿನಲ್ಲಿದ್ದೆ. ಜೋಳದ ಕಣಿಕೆಯ ಬಣವೆಗೆ ಬೆಂಕಿ ಬಿತ್ತು. ಕಣಿಕೆ ಹತ್ತಿದರೆ ಹೇಗೆ ಉರಿಯುತ್ತದೆಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಜನ ಕೊಡ ಹಿಡಿದು ಓಡಿದರು. ಫೋನು ಮಾಡಿದವನು ನಾನು. ಊರಿನ ಹೆಸರು ಹೇಳಿದೆ, ‘ಬೇಗ ಬರ್ರಿ’ ಎಂದೆ, ಇಟ್ಟುಬಿಟ್ಟೆ. ನಮ್ಮ ಸೀಮೆಯಲ್ಲಿ ಒಂದೇ ಹೆಸರಿನ ಎರಡೆರಡು ಊರುಗಳಿರುವುದು ನಿಮಗೆ ಗೊತ್ತು. ಒಂದರ ಹಿಂದೆ ‘ಕೆ’, ಇನ್ನೊಂದರ ಹಿಂದೆ ‘ಬಿ’. ಖುರ್ದ ಎಂದರೆ ಚಿಕ್ಕದು, ಬುಜುರ್ಗ ಎಂದರೆ ಹಿರಿದು. ಹಳೆಯ ಕಂದಾಯ ದಫ್ತರಗಳಿಂದ ಉಳಿದು ಬಂದ ಅಕ್ಷರಗಳು. ನಾನು ಆ ಒಂದಕ್ಷರ ಹೇಳಲಿಲ್ಲ. ನೀರಿನ ಗಾಡಿ ಇನ್ನೊಂದು ಊರಿನ ದಾರಿ ಹಿಡಿಯಿತು. ಅದು ತಿರುಗಿ ಬರುವ ಹೊತ್ತಿಗೆ ಎರಡು ಬಣವೆ, ಒಂದು ದನದ ಕೊಟ್ಟಿಗೆ ಬೂದಿಯಾಗಿದ್ದವು. ಕಟ್ಟಿದ ಎತ್ತುಗಳನ್ನು ಹಗ್ಗ ಕೊಯ್ದು ಬಿಡಿಸಿದವನ ಮುಂಗೈ ಸುಟ್ಟಿತು. ಅಂದು ನನ್ನ ಕೈಯಲ್ಲಿ ಸ್ಕ್ಯಾನರ್ ಇದ್ದಿದ್ದರೆ ಗಾಡಿ ದಾರಿ ತಪ್ಪಿದ್ದು ತಿಳಿಯುತ್ತಿತ್ತೋ ಏನೋ. ಆದರೆ ೧೦೧ಕ್ಕೆ ಇನ್ನೊಮ್ಮೆ ಫೋನು ಮಾಡಿ ವಿಚಾರಿಸಿದ್ದರೂ ತಿಳಿಯುತ್ತಿತ್ತು. ಅಗಸೆಯ ಕೂಟಿನಲ್ಲಿ ಲಾಟೀನು ಕೊಟ್ಟು ಒಬ್ಬನನ್ನು ನಿಲ್ಲಿಸಿದ್ದರೂ ಸಾಕಿತ್ತು.

ಈಗ ೧೧೨ ಎಂಬ ಒಂದೇ ಸಂಖ್ಯೆಗೆ ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂರೂ ಸೇರಿವೆ. ಕರೆ ಮಾಡುವವನು ಊರಿನ ಪೂರ್ತಿ ಹೆಸರು, ತಾಲೂಕು, ಹತ್ತಿರದ ದೊಡ್ಡ ಗುರುತು, ಏನು ಉರಿಯುತ್ತಿದೆ ಎಂಬುದನ್ನು ಹೇಳಿ, ಅತ್ತಲಿಂದ ‘ಇಡ್ರಿ’ ಎನ್ನುವವರೆಗೆ ಫೋನು ಇಡಬಾರದು. ಇದಕ್ಕೆ ನಾಲ್ಕು ಸಾವಿರವೇನು, ನಾಲ್ಕು ಕಾಸೂ ಬೇಡ.

ಆದರೆ ಫೋನೇ ಸತ್ತು ಹೋದರೆ? ಹುಡುಗನ ಚಿಂತೆ ಪೊಳ್ಳಲ್ಲ. ಕೃಷ್ಣೆ ನಮ್ಮ ನೆರೆಯವಳು. ೨೦೧೯ರ ಆಗಸ್ಟಿನಲ್ಲಿ ನಾರಾಯಣಪುರದ ಬಸವಸಾಗರದಿಂದ ಐದು ಲಕ್ಷ ಕ್ಯೂಸೆಕ್ಸಿಗೂ ಮೀರಿ ನೀರು ಬಿಟ್ಟಾಗ ಶಹಾಪುರ–ದೇವದುರ್ಗ ದಾರಿಯ ಕೊಳ್ಳೂರು ಸೇತುವೆ ಮುಳುಗಿತು. ನಮ್ಮದೇ ಸೀಮೆಯ ನೀಲಕಂಠರಾಯನ ಗಡ್ಡಿ ಹೊಳೆಯ ನಡುವಿನ ಊರು; ೨೦೧೪ರಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗಾಗಿ ಸೋರೆ ಬುರುಡೆ ಕಟ್ಟಿಕೊಂಡು, ಏರಿದ ಹೊಳೆಯನ್ನು ಈಜಿ ದಾಟಿದರು. ಅಂಥ ಹೊತ್ತಿನಲ್ಲಿ ಕರೆಂಟು ಹೋಗಿ, ಮೊಬೈಲ್ ಗೋಪುರದ ಬ್ಯಾಟರಿಯೂ ಮುಗಿದರೆ ದಡದಿಂದ ದಡಕ್ಕೆ ಮಾತು ಹೋಗುವ ಬಗೆ ಬೇಕೇ ಬೇಕು.

ಆದಕಾರಣ ಅವನಿಗೆ ಮೊದಲು ಕೊಳ್ಳಹೇಳಿದ್ದು ಸಾಮಾನ್ಯ ರೇಡಿಯೋವನ್ನೇ. ನಗಬೇಡಿ. ಒಣ ಸೆಲ್ಲಿನಿಂದ ನಡೆಯುವ, ಮಧ್ಯಮ ತರಂಗ ಮತ್ತು ಎಫ್‌ಎಂ ಎರಡೂ ಇರುವ ಸೆಟ್ಟು. ಅಂಗಡಿಯಲ್ಲಿ ಹಗಲು ಹೊತ್ತಿನಲ್ಲಿಯೇ ಹಚ್ಚಿ ನೋಡಿ. ರಾತ್ರಿ ದೂರದ ನಿಲಯಗಳೆಲ್ಲ ತಾವಾಗಿ ಬಂದು ಕೆಟ್ಟ ಸೆಟ್ಟನ್ನೂ ಒಳ್ಳೆಯದೆನ್ನಿಸುತ್ತವೆ. ಮಧ್ಯಮ ತರಂಗದಲ್ಲಿ ದನಿ ಕ್ಷೀಣವಾಗಿದ್ದರೆ ಪೆಟ್ಟಿಗೆಯನ್ನೇ ಮೆಲ್ಲಗೆ ತಿರುಗಿಸಿ, ಒಳಗಿನ ಫೆರೈಟ್ ಕಡ್ಡಿ ನಿಲಯಕ್ಕೆ ಅಡ್ಡಲಾದಾಗ ದನಿ ಏರುತ್ತದೆ. ನಿಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಸಿಗದ ಅಳತೆಯ ಸೆಲ್ಲು ಬೇಡುವ ಸೆಟ್ಟು ಎಷ್ಟು ಚೆಂದವಿದ್ದರೂ ಬೇಡ.

ಎರಡನೆಯದು ವಾಕಿಟಾಕಿಯ ಜೋಡಿ. ಇಲ್ಲಿ ಎಚ್ಚರ ಬೇಕು. ಆನ್‌ಲೈನ್ ಅಂಗಡಿಗಳಲ್ಲಿ ಪರವಾನಗಿಯ ಮಾತೇ ಎತ್ತದೆ ಇವನ್ನು ಮಾರುತ್ತಿದ್ದುದರಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೫ರಲ್ಲಿ ನೋಟೀಸುಗಳನ್ನು ಕೊಟ್ಟು, ಮಾರ್ಗಸೂಚಿಯನ್ನೂ ಹೊರಡಿಸಿತು. ೨೦೧೮ರ ನಿಯಮದಂತೆ ೪೪೬.೦ರಿಂದ ೪೪೬.೨ ಮೆಗಾಹರ್ಟ್ಸ್ ಒಳಗಿನ ಸಣ್ಣ ಶಕ್ತಿಯ ಸೆಟ್ಟಿಗೆ ಮಾತ್ರ ಪರವಾನಗಿ ಬೇಡ. ಅದಕ್ಕೂ ಸರಕಾರದ ಮಾದರಿ ಒಪ್ಪಿಗೆ ಇರಬೇಕು. ಡಬ್ಬಿಯ ಮೇಲೆ ಈ ಎರಡೂ ಕಾಣದಿದ್ದರೆ ಹಿಂದಕ್ಕೆ ಕೊಡಿ. ‘ಹತ್ತು ಕಿಲೋಮೀಟರ್’ ಎಂದು ಅಚ್ಚು ಮಾಡಿರುತ್ತಾರೆ, ನಂಬಬೇಡಿ. ಈ ತರಂಗಗಳು ನೋಟದಂತೆ ನೆಟ್ಟಗೆ ಹೋಗುವಂಥವು. ಬಯಲಿನಲ್ಲಿ, ಹೊಳೆಯ ಮೇಲೆ ದೂರ ಸಾಗುವ ಮಾತು ನಮ್ಮ ಊರಿನ ಬಂಡೆಗಳ ಸಂದಿಯಲ್ಲಿ ಎರಡು ಓಣಿ ದಾಟದೆ ನಿಲ್ಲಬಹುದು. ಒದ್ದೆ ಕೈಯಲ್ಲಿ ಗುಂಡಿ ಒತ್ತಲು ಬರುತ್ತದೆಯೇ, ಕತ್ತಲಲ್ಲಿ ಬರಿ ಸ್ಪರ್ಶದಿಂದ ಗುಂಡಿ ತಿಳಿಯುತ್ತದೆಯೇ ನೋಡಿ. ಬಣ್ಣದ ಪರದೆಗಿಂತ ಇದು ಮುಖ್ಯ.

ಇನ್ನು ಹೆಚ್ಚಿನ ಶಕ್ತಿಯ ಸೆಟ್ಟು ಬೇಕೆನ್ನುವವರಿಗೆ ರಾಜಮಾರ್ಗ ಒಂದಿದೆ: ಹವ್ಯಾಸಿ ರೇಡಿಯೋ, ಜನ ಹ್ಯಾಮ್ ಎನ್ನುವುದು. ಕೇಂದ್ರ ಸಂಪರ್ಕ ಇಲಾಖೆಯ ಪರೀಕ್ಷೆ ಪಾಸು ಮಾಡಿದರೆ ಪರವಾನಗಿಯೂ ವಿಯು ಎಂದು ಆರಂಭವಾಗುವ ಕರೆಹೆಸರೂ ಸಿಗುತ್ತವೆ. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಕೂಡಬಹುದು. ಹವ್ಯಾಸವೆಂದು ತಾತ್ಸಾರ ಬೇಡ. ‘ಆಕಾಶವಾಣಿ’ ಎಂಬ ಹೆಸರು ಹೊತ್ತ ನಿಲಯವನ್ನು ಮೈಸೂರಿನಲ್ಲಿ ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ್ದು ತಮ್ಮ ಮನೆಯಲ್ಲಿ, ಸಣ್ಣದೊಂದು ಪ್ರಸಾರಯಂತ್ರ ಇಟ್ಟುಕೊಂಡು. ೨೦೦೪ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನಿಗೆ ಬಡಿದಾಗ, ಹವ್ಯಾಸದ ಕೆಲಸಕ್ಕಾಗಿಯೇ ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡ ತಮ್ಮ ಸೆಟ್ಟುಗಳಿಂದಲೇ ಅಲ್ಲಿಯವರ ಕ್ಷೇಮಸಮಾಚಾರವನ್ನು ಹೊರಗಿನವರಿಗೆ ಮುಟ್ಟಿಸಿತು.

ಹುಡುಗ ಸಿಟ್ಟಾಗಲಿಲ್ಲ, ಸ್ವಲ್ಪ ಮುಖ ಸಣ್ಣಗಾಯಿತು, ಅಷ್ಟೆ. ಈಗ ಸೆಲ್ಲಿನ ರೇಡಿಯೋ ಒಂದು, ಗೆಳೆಯನೊಡನೆ ಪಾಲು ಹಾಕಿ ಕೊಂಡ ವಾಕಿಟಾಕಿಯ ಜೋಡಿ ಒಂದು ಅವನ ಹತ್ತಿರ ಇವೆ. ಪರೀಕ್ಷೆಯ ಪುಸ್ತಕ ಹಿಡಿದು ವಾರಕ್ಕೆರಡು ಸಂಜೆ ಬರುತ್ತಾನೆ. ಹೋದ ಭಾನುವಾರ ಅವನು ಗುಡ್ಡದ ಮೇಲೆ ಟೇಲರ್ ಮಂಜಿಲ್ ಬಳಿ ನಿಂತ, ಗೆಳೆಯ ಕೆಳಗೆ ಬಜಾರದಲ್ಲಿ. ಬೆಂಕಿ ಬಿದ್ದಿದೆಯೆಂದು ಸುಮ್ಮನೆ ಭಾವಿಸಿ ಸಂದೇಶ ಹೇಳುವ ಅಭ್ಯಾಸ. ಕೆಳಗಿನವನು ಊರಿನ ಹೆಸರು ಹೇಳಿ ಸುಮ್ಮನಾದ. ಮೇಲಿನವನು ಗುಂಡಿ ಒತ್ತಿ ಕೇಳಿದ: “ಕೆ ಏನೋ, ಬಿ ಏನೋ? ಅದನ್ನ ಹೇಳು ಮೊದಲ.”