ಹಳೆಯ ಪುಸ್ತಕದ ಕಟುಮಾತು: ಅಳಿಸಬೇಕೇ, ಅರಿಯಬೇಕೇ?

(ಬೈಲಹೊಂಗಲದಲ್ಲಿ ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ಸಾಹಿತ್ಯದ ಪಂಡಿತನಲ್ಲ. ಸರ್ಕಾರಿ ಇಂಜಿನಿಯರನಾಗಿ ಮಲಪ್ರಭೆಯ ಕಾಲುವೆ, ಗೇಟು, ಅಳತೆ ಪುಸ್ತಕಗಳ ನಡುವೆ ನೌಕರಿ ಮುಗಿಸಿದವನು. ನಿವೃತ್ತಿಯ ಮೇಲೆ ಓದುವ ಚಟ ಹಿಡಿಯಿತು. ಪೂಜ್ಯರು ನನಗೆ ಕೊಟ್ಟ ವಿಷಯ ‘ವಚನಗಳು ಮತ್ತು ಇಂದಿನ ಮಕ್ಕಳು’. ಅದರಲ್ಲಿ ಒಂದೇ ಪ್ರಶ್ನೆ ಎತ್ತಿಕೊಳ್ಳುತ್ತೇನೆ. ಹಳೆಯ ಪುಸ್ತಕದಲ್ಲಿ ಇಂದು ಮನಸ್ಸಿಗೆ ಚುಚ್ಚುವ ಶಬ್ದ ಬಂದರೆ ಏನು ಮಾಡಬೇಕು? ತೆಗೆದುಹಾಕಬೇಕೇ, ಬದಲಿಸಬೇಕೇ, ಇದ್ದಂತೆ ಓದಬೇಕೇ?

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಮಾರ್ಕ್ ಟ್ವೇನ್ ಎಂಬ ದೊಡ್ಡ ಲೇಖಕ ಇದ್ದ. ಅದು ಅವನ ಹುಟ್ಟುಹೆಸರಲ್ಲ. ಮಿಸಿಸಿಪ್ಪಿ ನದಿಯ ಹಡಗಿನವರು ನೀರಿನ ಆಳ ಅಳೆದು, ಹನ್ನೆರಡು ಅಡಿ ಇದೆ, ಹಡಗು ಸಾಗಬಹುದು ಎಂದು ಕೂಗುತ್ತಿದ್ದ ಮಾತು ಅದು. ಆಳ ಅಳೆಯುವವರ ಕೂಗನ್ನೇ ಹೆಸರಾಗಿ ಇಟ್ಟುಕೊಂಡವನು ಎಂದು ತಿಳಿದಾಗ ನನ್ನಂಥ ನೀರಾವರಿಯವನಿಗೆ ಆತ ಹತ್ತಿರದವನಾದ. ಅವನ ‘ಹಕಲ್‌ಬೆರಿ ಫಿನ್’ ಕಾದಂಬರಿ 1884ರ ಕೊನೆಗೆ ಇಂಗ್ಲೆಂಡಿನಲ್ಲಿ, 1885ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು.

ಕಥೆ ಇಷ್ಟು. ಹಕ್ ಹದಿಮೂರು ಹದಿನಾಲ್ಕು ವರ್ಷದ ಹುಡುಗ. ಕುಡುಕ ತಂದೆಯ ಹೊಡೆತ ತಾಳದೆ ಓಡಿಹೋಗುತ್ತಾನೆ. ಅದೇ ಹೊತ್ತಿಗೆ ಜಿಮ್ ಎಂಬ ಕರಿಯ ಗುಲಾಮ, ಒಡತಿ ತನ್ನನ್ನು ದೂರದ ಊರಿಗೆ ಮಾರುತ್ತಾಳೆಂದು ತಿಳಿದು ತಪ್ಪಿಸಿಕೊಂಡಿರುತ್ತಾನೆ. ಇಬ್ಬರೂ ಒಂದು ತೆಪ್ಪದ ಮೇಲೆ ನದಿಯಗುಂಟ ಸಾಗುತ್ತಾರೆ. ಜಿಮ್ ಒಂದು ರಾತ್ರಿ ತನ್ನ ಪುಟ್ಟ ಮಗಳ ನೆನಪು ಮಾಡಿ ಅಳುತ್ತಾನೆ. ಹೇಳಿದ ಮಾತು ಕೇಳಲಿಲ್ಲವೆಂದು ಆಕೆಗೆ ಹೊಡೆದಿದ್ದ. ಜ್ವರದಿಂದ ಆಕೆಗೆ ಕಿವಿಯೇ ಕೇಳದಂತಾಗಿದೆ ಎಂಬುದು ಆಮೇಲೆ ತಿಳಿಯಿತು. ಆ ದುಃಖ ಕೇಳಿದ ಹುಡುಗನಿಗೆ, ಇವನೂ ನಮ್ಮಂತೆಯೇ ಮನುಷ್ಯ ಎಂಬುದು ಮೊದಲ ಸಲ ಹೊಳೆಯುತ್ತದೆ.

ಆದರೆ ಹಕ್ ಕಲಿತಿದ್ದು ಬೇರೆ. ಓಡಿಹೋದ ಗುಲಾಮನಿಗೆ ಸಹಾಯ ಮಾಡುವುದು ಕಳ್ಳತನ, ಪಾಪ, ನರಕಕ್ಕೆ ದಾರಿ ಎಂದು ಊರೂ ಕಲಿಸಿತ್ತು, ಧರ್ಮಬೋಧೆಯೂ ಕಲಿಸಿತ್ತು. ಒಡತಿಗೆ ಸುಳಿವು ಕೊಡುವ ಪತ್ರ ಬರೆಯುತ್ತಾನೆ. ಮತ್ತೆ ಜಿಮ್ಮನ ಮುಖ ನೆನಪಾಗುತ್ತದೆ. ನರಕವಾದರೂ ಸರಿ ಎಂದು ಪತ್ರ ಹರಿದುಹಾಕುತ್ತಾನೆ. ತಾನು ಒಳ್ಳೆಯದು ಮಾಡಿದೆ ಎಂದು ಅವನಿಗೆ ಅನಿಸುವುದೇ ಇಲ್ಲ, ತಾನು ಕೆಟ್ಟವನು ಎಂದೇ ತಿಳಿಯುತ್ತಾನೆ. ಮಡಿಮೈಲಿಗೆಯನ್ನೇ ಧರ್ಮವೆಂದು ಕಲಿತ ನಮ್ಮ ಊರುಗಳಲ್ಲಿ, ಮೊದಲ ಸಲ ಕೇರಿಯ ಮನೆಯಲ್ಲಿ ನೀರು ಕುಡಿದವರ ಎದೆಯಲ್ಲೂ ಇದೇ ಅಳುಕು ಇದ್ದಿರಬೇಕು.

ಇಂಥ ಪುಸ್ತಕದ ಮೇಲೆ ತಕರಾರು ಏನು? ಕರಿಯ ಜನರನ್ನು ಹೀಯಾಳಿಸುವ ಒಂದು ಶಬ್ದ ಅದರಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. 1885ರಲ್ಲೇ ಕಾನ್‌ಕರ್ಡ್ ಊರಿನ ಗ್ರಂಥಾಲಯ ಪುಸ್ತಕವನ್ನು ಹೊರಗಿಟ್ಟಿತು. ಆದರೆ ಆಗಿನ ಕಾರಣ, ಭಾಷೆ ಒರಟು, ಸಭ್ಯರು ಓದುವಂಥದ್ದಲ್ಲ ಎಂಬುದು. ಮುಂದಿನ ಶತಮಾನದಲ್ಲಿ ಕರಿಯ ತಂದೆತಾಯಿಗಳು ಎತ್ತಿದ ಪ್ರಶ್ನೆಯೇ ಬೇರೆ. ಬಿಳಿಯ ಮಕ್ಕಳು ತುಂಬಿದ ತರಗತಿಯಲ್ಲಿ ಈ ಶಬ್ದವನ್ನು ಜೋರಾಗಿ ಓದಿದಾಗ ಮೂಲೆಯಲ್ಲಿ ಕುಳಿತ ನಮ್ಮ ಮಗು ಎಲ್ಲಿ ಮುಖ ಇಡಬೇಕು? ಕೊನೆಗೆ 2011ರಲ್ಲಿ ಅಲಬಾಮಾದ ಒಂದು ಪ್ರಕಾಶನ ಆ ಶಬ್ದ ಬಂದಲ್ಲೆಲ್ಲ ‘ಗುಲಾಮ’ ಎಂದು ಹಾಕಿ ಹೊಸ ಮುದ್ರಣ ತಂದಿತು. ಕೆಲವರು ಒಪ್ಪಿದರು, ಬಹಳ ಜನ ವಿರೋಧಿಸಿದರು.

ಈಗ ನಮ್ಮ ಅಂಗಳಕ್ಕೆ ಬರೋಣ.

ಸವದತ್ತಿ ತಾಲೂಕಿನ ಒಂದು ಹಳ್ಳಿಯಲ್ಲಿ ಮಕ್ಕಳ ವಚನ ಪಠಣದ ತಯಾರಿ ನಡೆದಿತ್ತು. ನಾನೂ ಇದ್ದೆ. ಜಾತಿ ಹುಟ್ಟಿನಿಂದಲ್ಲ, ಹಿಂಸೆ ಮಾಡುವವನಿಗೇ ಆ ಹೀನ ಹೆಸರು ಸಲ್ಲಬೇಕು ಎಂಬ ಭಾವದ ಬಸವಣ್ಣನವರ ಪ್ರಸಿದ್ಧ ವಚನವೊಂದು ಒಬ್ಬ ಹುಡುಗಿಯ ಪಾಲಿಗೆ ಬಂದಿತ್ತು. ಒಂಬತ್ತನೇ ಇಯತ್ತೆ, ಕೇರಿಯ ಮಗಳು. ಆಕೆ ಎದ್ದು ನಿಂತು ಕೇಳಿದಳು: “ಅಜ್ಜಾರ, ಈ ಶಬ್ದಾ ಹಚ್ಚೇ ನಮ್ಮ ಅಪ್ಪಗ ಬೈತಾರ್ರೀ. ಇದನ್ನ ನಾ ಮೈಕಿನಾಗ ಹೆಂಗ ಹೇಳ್ಲಿ?” ಕಲಿಸುತ್ತಿದ್ದವರು, “ಆ ಶಬ್ದ ಬಿಟ್ಟು ಮುಂದಿಂದ ಹೇಳವಾ” ಎಂದರು. ಹುಡುಗಿ ಕುಳಿತಳು. ಪ್ರಶ್ನೆ ಮಾತ್ರ ನಿಂತೇ ಉಳಿಯಿತು.

ಬಂಧುಗಳೇ, ಆ ಹುಡುಗಿಯ ಪ್ರಶ್ನೆ ತುಂಬ ನಿಜವಾದದ್ದು. ಬಸವಣ್ಣನವರು ಮಾಡಿದ್ದು ದೊಡ್ಡ ಕ್ರಾಂತಿ. ಹುಟ್ಟಿಗೆ ಅಂಟಿದ್ದ ಹೆಸರನ್ನು ಕಿತ್ತು ನಡತೆಗೆ ಅಂಟಿಸಿದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರನ್ನು ತಮ್ಮ ಬಳಗವೆಂದು ಸಾರಿದರು. ಆದರೂ ಆ ವಚನದಲ್ಲಿ ಕೆಟ್ಟ ನಡತೆಗೆ ಸಿಕ್ಕ ಹೆಸರು ಒಂದು ಜನಾಂಗದ ಹೆಸರೇ ಆಗಿದೆ. ಹನ್ನೆರಡನೆಯ ಶತಮಾನದಲ್ಲಿ ಕೇಳಿದವರಿಗೆ ಅದು ಮೇಲಿನವರ ಕೆನ್ನೆಗೆ ಬಿದ್ದ ಏಟು. ಇಂದು ಕೇರಿಯ ಮಗುವಿಗೆ ಅದು ಅಪ್ಪನ ಮೇಲೆ ಬಿದ್ದ ಬೈಗಳದ ಮಾರ್ದನಿ. ಎರಡೂ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಶರಣರ ಮಾರ್ಗವಲ್ಲ.

ಹಾಗಾದರೆ ಶಬ್ದ ಬದಲಿಸೋಣವೇ? ನಮ್ಮ ಸಮಾಜದಲ್ಲಿ ಈ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದಿದೆ. ಪೂಜ್ಯ ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿ ಪ್ರಕಟಿಸಿದರು. 1998ರಲ್ಲಿ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ತಳ್ಳಿಹಾಕಿತು. ಮಾತಾಜಿಯವರು ಸಮಾಜಕ್ಕೆ ಮಾಡಿದ ಸೇವೆ ದೊಡ್ಡದು. ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕುವುದು ಸರಿಯೇ ಎಂಬುದು ಬೇರೆ ಚರ್ಚೆ. ಆದರೆ ಅಂದು ನಮ್ಮಲ್ಲಿ ಬಹುಜನ ಹೇಳಿದ್ದೇನು? ಬಸವಣ್ಣನವರ ಮಾತನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ ಎಂದು. ಅಂಕಿತಕ್ಕೆ ಹಿಡಿದ ಅಳತೆಗೋಲನ್ನೇ ಉಳಿದ ಶಬ್ದಗಳಿಗೂ ಹಿಡಿಯಬೇಕು. ನಮಗೆ ಅನುಕೂಲವಾದಲ್ಲಿ ಒಂದು ಗೋಲು, ಮುಜುಗರವಾದಲ್ಲಿ ಇನ್ನೊಂದು ಗೋಲು ನಡೆಯದು.

ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕ, ಅಂದರೆ ಎಂ.ಬಿ., ಎಂಬುದೊಂದು ಇರುತ್ತದೆ. ಅದರ ಪುಟಗಳಿಗೆ ನಂಬರು ಹಾಕಿರುತ್ತದೆ. ಹಾಳೆ ಕೀಳುವಂತಿಲ್ಲ, ರಬ್ಬರು ಹಚ್ಚುವಂತಿಲ್ಲ. ಅಂಕಿ ತಪ್ಪಾಗಿದ್ದರೆ ಹಳೆಯದು ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಯಾರು ಏನು ಬರೆದರು, ಯಾರು ಯಾವಾಗ ತಿದ್ದಿದರು ಎಂಬುದು ಮುಂದಿನವರಿಗೆ ತಿಳಿಯಬೇಕು. ವಚನಗಳ ಮೇಲೆ ಗೆರೆ ಎಳೆಯುವ ಯೋಗ್ಯತೆ ನಮಗಿಲ್ಲ. ಆದರೆ ಪಕ್ಕದಲ್ಲಿ ನಮ್ಮ ಕಾಲದ ಟಿಪ್ಪಣಿ ಬರೆದು ಸಹಿ ಹಾಕುವ ಹೊಣೆ ಇದೆ.

ನಮ್ಮ ನಾಲ್ಕು ತಾಲೂಕುಗಳೇ ಇದಕ್ಕೆ ಪಾಠ ಹೇಳುತ್ತವೆ. ಕಿತ್ತೂರಿನ 1824ರ ಹೋರಾಟ ಬ್ರಿಟಿಷರ ಕಾಗದಗಳಲ್ಲಿ ‘ದಂಗೆ’. ಇಲ್ಲಿ ಬೈಲಹೊಂಗಲದಲ್ಲಿ ಸಮಾಧಿಯಾದ ತಾಯಿ ಚೆನ್ನಮ್ಮನೂ, ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನೂ ಅವರ ಲೆಕ್ಕದಲ್ಲಿ ದಂಗೆಕೋರರು. ಆ ಶಬ್ದ ಸಿಟ್ಟು ತರಿಸುತ್ತದೆಂದು ಯಾರೂ ಆ ಕಾಗದ ಸುಡಲಿಲ್ಲ. ಅದನ್ನೇ ಓದಿ ನಮ್ಮ ಇತಿಹಾಸ ಕಟ್ಟಿಕೊಂಡೆವು.

ರಾಮದುರ್ಗದಲ್ಲಿ ಮಗ್ಗದ ಮೇಲೆ ಬದುಕಿದ ನೇಕಾರ ಬಂಧುಗಳಿದ್ದಾರೆ. ಜೇಡರ ದಾಸಿಮಯ್ಯ ಎಂಬಲ್ಲಿ ‘ಜೇಡರ’ ಎಂದರೆ ನೇಕಾರರೇ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ, ಇವರೆಲ್ಲ ಕಾಯಕವನ್ನು ಹೆಸರಿನ ಮುಂದೆ ಹೊತ್ತು ಅನುಭವ ಮಂಟಪಕ್ಕೆ ಬಂದವರು. ಸಭ್ಯತೆಯ ನೆಪದಲ್ಲಿ ಆ ಭಾಗ ಕತ್ತರಿಸಿದರೆ, ಯಾರು ಎಲ್ಲಿಂದ ಎದ್ದು ಬಂದರು ಎಂಬುದೇ ಅಳಿಸಿಹೋಗುತ್ತದೆ.

ಇನ್ನು ಸವದತ್ತಿ. ಯಲ್ಲಮ್ಮನ ಗುಡ್ಡದಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. 1934ರಲ್ಲಿ ಮುಂಬೈ ಸರ್ಕಾರದ ಕಾನೂನು, 1982ರಲ್ಲಿ ಕರ್ನಾಟಕದ ದೇವದಾಸಿ ಸಮರ್ಪಣೆ ನಿಷೇಧದ ಕಾನೂನು ಬಂದವು. ಆ ತಾಯಂದಿರ ಮಕ್ಕಳು ಇಂದು ನಮ್ಮ ನಡುವೆ ಇದ್ದಾರೆ. ಶರಣರಲ್ಲಿ ಸೂಳೆ ಸಂಕವ್ವೆ ಎಂಬ ವಚನಕಾರ್ತಿ ಇದ್ದಳು. ಸಿಕ್ಕಿರುವುದು ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ಆ ಮೊದಲ ಶಬ್ದವನ್ನು ಸಭೆಯಲ್ಲಿ ಹೇಳಲು ನಮಗೆ ನಾಚಿಕೆ. ಆಕೆಗೆ ಇರಲಿಲ್ಲ. ದೇವರ ಹೆಸರಿನಲ್ಲೇ ನಾಚಿಕೆಯನ್ನು ತಿರುಗಿಸಿ ಸಮಾಜದ ಮುಂದೆ ಇಟ್ಟವಳು ಆಕೆ. ನಾವು ಅವಳ ಹೆಸರನ್ನು ತೊಳೆದು ‘ಶುದ್ಧ’ ಮಾಡಲು ಹೋದರೆ, ಅವಳನ್ನು ಮತ್ತೆ ಮೈಲಿಗೆ ಎಂದಂತಾಗುತ್ತದೆ.

ಶಬ್ದ ಅಳಿಸಿದರೆ ಯಾರಿಗೆ ಹಗುರ? ನಮಗೆ ಹಗುರ. ನಮ್ಮ ಹಿರಿಯರ ಬಾಯಲ್ಲಿ ಇಂಥ ಮಾತು ಇರಲೇ ಇಲ್ಲ ಎಂದು ನೆಮ್ಮದಿಯಿಂದ ನಿದ್ದೆ ಮಾಡಬಹುದು. ಕೇರಿಯ ಹುಡುಗಿಗೆ ಏನೂ ಹಗುರಾಗದು. ಪುಸ್ತಕದಿಂದ ಹೋದ ಶಬ್ದ ಹೊಲದಲ್ಲಿ, ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ಅಪ್ಪನ ಕಿವಿಗೆ ಬೀಳುತ್ತಲೇ ಇರುತ್ತದೆ.

ಹಾಗೆಂದು ಇದ್ದಂತೆ ಓದಿ, ನೋವಾದವರು ಸಹಿಸಿಕೊಳ್ಳಲಿ ಎನ್ನುವುದೂ ತಪ್ಪು. ಅದಕ್ಕೆ ನನ್ನ ಕೆಲವು ಸಲಹೆಗಳಿವೆ.

ಒಂದು, ಪಾಠ ಬದಲಿಸಬಾರದು. ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ ಅಚ್ಚು ಹಾಕಿಸಿದ್ದು, ಡಾ. ಎಂ.ಎಂ. ಕಲಬುರ್ಗಿಯವರು ಒಂದೊಂದು ಅಕ್ಷರಕ್ಕೂ ಪ್ರತಿಗಳನ್ನು ಹೋಲಿಸಿದ್ದು, ನಾವು ಮನಸ್ಸಿಗೆ ಬಂದಂತೆ ಕತ್ತರಿಸಲಿ ಎಂದಲ್ಲ.

ಎರಡು, ಮಕ್ಕಳಿಗಾಗಿ ಮಠಗಳು ಹೊರತರುವ ಪುಸ್ತಕಗಳಲ್ಲಿ ಇಂಥ ವಚನದ ಕೆಳಗೆ ನಾಲ್ಕು ಸಾಲಿನ ಟಿಪ್ಪಣಿ ಇರಲಿ. ಈ ಶಬ್ದ ಅಂದು ಏನು ಮಾಡಿತು, ಇಂದು ಏಕೆ ನೋಯಿಸುತ್ತದೆ, ಎರಡನ್ನೂ ಬರೆಯಲಿ.

ಮೂರು, ಆ ವಚನವನ್ನು ಅರ್ಥ ಹೇಳದೆ ಸ್ಪರ್ಧೆಗೆ ಕೊಡುವುದು ಬೇಡ. ನೋವುಣ್ಣುವ ಮನೆಯ ಮಗುವಿನ ಬಾಯಿಂದ ಅದನ್ನು ಹೇಳಿಸುವುದಂತೂ ಬೇಡ. ಓದಲೇಬೇಕಾದರೆ ಮೊದಲು ನಮ್ಮಂಥ ಹಿರಿಯರು ಓದಿ, ಇದು ನಮ್ಮ ಅಜ್ಜಂದಿರ ಅಹಂಕಾರಕ್ಕೆ ಹೇಳಿದ ಮಾತು ಎಂದು ಒಪ್ಪಿಕೊಳ್ಳಲಿ.

ನಾಲ್ಕು, ವಚನದಲ್ಲಿ ಇದೆಯಲ್ಲ ಎಂಬ ನೆಪದಿಂದ ಆ ಶಬ್ದ ನಮ್ಮ ಮಾತಿನಲ್ಲಿ ಬರಕೂಡದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ದಲಿತ ಬಂಧುಗಳನ್ನು ನಾಲ್ಕು ಜನರೆದುರು ಜಾತಿ ಹಿಡಿದು ನಿಂದಿಸುವುದು 1989ರ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿಗಿಂತ ಮೊದಲೇ ಅದು ಶರಣಧರ್ಮಕ್ಕೆ ದ್ರೋಹ.

ಐದು, ಹಳೆಯ ಪುಸ್ತಕದ ಪಕ್ಕದಲ್ಲಿ ಹೊಸ ಪುಸ್ತಕ ಇಡಬೇಕು. ಅಮೆರಿಕದ ಕರಿಯ ಲೇಖಕ ಪರ್ಸಿವಲ್ ಎವರೆಟ್ ಹಕ್‌ನ ಕಥೆಯನ್ನು ತಿದ್ದಲಿಲ್ಲ. ಅದೇ ಕಥೆಯನ್ನು ಜಿಮ್‌ನ ಬಾಯಿಂದ ಹೇಳಿಸಿ 2024ರಲ್ಲಿ ‘ಜೇಮ್ಸ್’ ಎಂಬ ಕಾದಂಬರಿ ಬರೆದ. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ನಮ್ಮಲ್ಲೂ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ದೇವನೂರ ಮಹಾದೇವರ ‘ಒಡಲಾಳ’ ಇವೆ. ಪ್ರತಿ ಮಠದ ಗ್ರಂಥಾಲಯದಲ್ಲಿ ವಚನ ಸಂಪುಟದ ಕಪಾಟಿನಲ್ಲೇ ಇವೂ ಇರಲಿ. ಆ ಶಬ್ದ ಕೇಳಿಸಿಕೊಂಡವರು ಏನು ಹೇಳುತ್ತಾರೆ ಎಂಬುದೂ ಅನುಭಾವವೇ.

ಕೊನೆಯದಾಗಿ, ಪುಸ್ತಕದ ಟಿಪ್ಪಣಿಗೆ ಬೆಲೆ ಬರುವುದು ನಡೆಯಿಂದ. ಹರಳಯ್ಯ, ಮಧುವರಸರು ಮಾತಿನಲ್ಲಿ ಸಮಾನತೆ ಹೇಳಿ ಸುಮ್ಮನಾಗಲಿಲ್ಲ, ಮಕ್ಕಳ ಮದುವೆ ಮಾಡಿ ಪ್ರಾಣ ತೆತ್ತರು. ನಮ್ಮಲ್ಲಿ ಈಗಲೂ ಒಳಪಂಗಡ ನೋಡದೆ ಹೆಣ್ಣು ಕೊಡುವವರು ಎಷ್ಟು ಮಂದಿ? ಕೇರಿಯ ಬಂಧುಗಳನ್ನು ಮನೆಯೊಳಗೆ ಕರೆದು, ನಮ್ಮದೇ ತಾಟಿನಲ್ಲಿ ಊಟಕ್ಕೆ ಬಡಿಸುವವರು ಎಷ್ಟು ಮಂದಿ? ಇಲ್ಲಿ ಕೈ ಎತ್ತುವುದು ಬೇಡ. ಈ ದಸರೆಗೆ ಬನ್ನಿ ಕೊಡಲು ಹೊರಟಾಗ ನಿಮ್ಮ ಕಾಲು ಯಾವ ಓಣಿಯವರೆಗೆ ಹೋಗುತ್ತದೆ ಎಂಬುದೇ ಉತ್ತರ. ಆ ಹುಡುಗಿಯ ಮನೆಯವರೆಗೂ ಹೋಗಲಿ ಎಂದು ಬೇಡಿಕೊಂಡು ನನ್ನ ಮಾತು ಮುಗಿಸುತ್ತೇನೆ.